ಒಂದು ಲ್ಯಾಬ್‌ನಲ್ಲಿ ಬಂದ ಫಲಿತಾಂಶ ಇನ್ನೊಂದರಲ್ಲಿ ಯಾಕೆ ಬರಲ್ಲ?

ಪ್ರಶ್ನೆ: ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಪ್ರಯೋಗ ಒಂದು ಲ್ಯಾಬ್‌ನಲ್ಲಿ ಯಶಸ್ವಿ ಅಂತಾರೆ, ಬೇರೆಯವರು ಮಾಡಿದರೆ ಬರಲಿಲ್ಲ ಅಂತಾರೆ. ಮೊದಲನೆಯವರು ಸುಳ್ಳು ಹೇಳಿದರಾ? ಅಮ್ಮನ ಮೊಣಕಾಲು ನೋವಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಿ ಅಂತ ಒಬ್ಬರು ಹೇಳುತ್ತಿದ್ದಾರೆ, ಅದಕ್ಕೇ ಕೇಳಿದೆ. (ಬೀದರ್‌ನ ಓದುಗರು)

ಉತ್ತರ: ಸುಳ್ಳೂ ಇರುತ್ತೆ. ಆದರೆ ಪ್ರಾಮಾಣಿಕವಾಗಿ ಮಾಡಿದ ಕೆಲಸವೂ ಎಷ್ಟೋ ಸಲ ಇನ್ನೊಂದು ಕಡೆ ಕೈಕೊಡುತ್ತೆ.

ನಿಮ್ಮೂರಿನ ಬಿದರಿ ಕೆಲಸವನ್ನೇ ನೋಡಿ. ಸತು-ತಾಮ್ರದ ಎರಕ, ಮೇಲೆ ಬೆಳ್ಳಿ ಕುಸುರಿ. ಕೊನೆಗೆ ಹಳೇ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿ ನೀರಿಗೆ ಹಾಕಿದರೆ ಎರಕ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಹೊಳೆಯುತ್ತೆ. ಯಾವ ಮಣ್ಣು ಆಗುತ್ತೆ ಅಂತ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡುತ್ತಾರೆ. ವಿಧಾನ ಬರೆದು ಕಳಿಸಬಹುದು, ಆ ನಾಲಿಗೆಯನ್ನು ಹೇಗೆ ಕಳಿಸೋದು?

ಲ್ಯಾಬ್‌ನಲ್ಲೂ ಹೀಗೇ. ಕೋಶ ಬೆಳೆಸೋಕೆ ಬಳಸುವ ಸೀರಮ್ ಹೆಚ್ಚಾಗಿ ದನದ ಭ್ರೂಣದ ರಕ್ತದ್ದು. ಒಂದು ಬ್ಯಾಚ್ ಇದ್ದ ಹಾಗೆ ಇನ್ನೊಂದು ಇರಲ್ಲ. ಕೋಶ ಅಂಟಿಕೊಳ್ಳಲಿ ಅಂತ ತಟ್ಟೆಗೆ ಬಳಿಯುವ ಮ್ಯಾಟ್ರಿಜೆಲ್ ಅನ್ನೋ ಅಂಟು ಇಲಿಯ ಕ್ಯಾನ್ಸರ್ ಗಡ್ಡೆಯಿಂದ ತೆಗೆದದ್ದು, ಅದರದ್ದೂ ಅದೇ ಕತೆ. ಕೋಶಗಳೂ ಸುಮ್ನೆ ಇರಲ್ಲ. ತಟ್ಟೆಯಿಂದ ತಟ್ಟೆಗೆ ಹಾಕಿ ಬೆಳೆಸುತ್ತಾ ಹೋದರೆ ಅವುಗಳ ಕ್ರೋಮೋಸೋಮ್‌ಗಳೇ (ವಂಶವಾಹಿಗಳನ್ನು ಹೊತ್ತ ಎಳೆಗಳು) ಬದಲಾಗಬಹುದು. ಇನ್ನು ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಸೇರಿಕೊಂಡರೆ ಕೋಶಗಳಿರುವ ದ್ರಾವಣ ಮಬ್ಬೂ ಆಗಲ್ಲ. ಪರೀಕ್ಷೆ ಮಾಡಿಸದೆ ಗೊತ್ತೇ ಆಗಲ್ಲ.

2018ರಲ್ಲಿ ಒಂದು ಅಧ್ಯಯನ ಬಂತು. ಐದು ಲ್ಯಾಬ್‌ಗಳು ಒಂದೇ ಮೂಲದ ಕೋಶ, ಒಂದೇ ವಿಧಾನ ಇಟ್ಟುಕೊಂಡು ನರಕೋಶ ಬೆಳೆಸಿದವು. ಫಲಿತಾಂಶದಲ್ಲಿ ಎಲ್ಲಕ್ಕಿಂತ ಜಾಸ್ತಿ ವ್ಯತ್ಯಾಸ ತಂದದ್ದು ಯಾವ ಲ್ಯಾಬ್ ಅನ್ನೋದೇ!

ಹಾಗಂತ ಎಲ್ಲದಕ್ಕೂ ಬ್ಯಾಚ್ ಮೇಲೆ ತಪ್ಪು ಹಾಕೋಕಾಗಲ್ಲ. 2006ರಲ್ಲಿ ಜಪಾನಿನ ವಿಜ್ಞಾನಿ ಯಮನಾಕಾ ಇಲಿಯ ಚರ್ಮದ ಕೋಶವನ್ನು ಸ್ಟೆಮ್ ಸೆಲ್ ಮಾಡಿದರು. ಮರುವರ್ಷವೇ ಬೇರೆ ಲ್ಯಾಬ್‌ಗಳೂ ಮಾಡಿ ತೋರಿಸಿದವು. 2014ರ ಜನವರಿಯಲ್ಲಿ ಜಪಾನಿನದೇ ರಿಕೆನ್ ಸಂಶೋಧನಾ ಸಂಸ್ಥೆಯಿಂದ ಇನ್ನೂ ಸುಲಭದ ದಾರಿ ಬಂತು: ಕೋಶವನ್ನು ಆಮ್ಲದಲ್ಲಿಟ್ಟರೆ ಸಾಕಂತೆ. ಯಾರಿಗೂ ಆಗಲಿಲ್ಲ. ಜುಲೈನಲ್ಲಿ ಪ್ರಬಂಧ ವಾಪಸ್. ಆಮೇಲೆ ನೋಡಿದರೆ ಬೇರೆ ಸ್ಟೆಮ್ ಸೆಲ್‌ಗಳು ಅದರಲ್ಲಿ ಬೆರೆತಿದ್ದವು.

ಈಗ ಅಮ್ಮನ ವಿಷಯ. ಭಾರತದ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥವು ಬಿಟ್ಟರೆ, ಉಳಿದ ಸ್ಟೆಮ್ ಸೆಲ್ ಚಿಕಿತ್ಸೆಗಳು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ (ರೋಗಿಗಳ ಮೇಲೆ ನಡೆಸುವ ಪರೀಕ್ಷೆ) ಮಾತ್ರ ಅಂತಿತ್ತು. ಆಮೇಲೆ ಮೊಣಕಾಲು ಸವೆತಕ್ಕೆ ಒಂದು ಸ್ಟೆಮ್ ಸೆಲ್ ಔಷಧಕ್ಕೆ ಸರ್ಕಾರದ ಅನುಮತಿ ಸಿಕ್ಕಿದೆ. ಹಾಗಾಗಿ ಮೊದಲು ಇದು ಅನುಮತಿ ಪಡೆದ ಔಷಧವೋ, ಟ್ರಯಲ್ಲೋ ಅಂತ ಕೇಳಿ. ಟ್ರಯಲ್ ಅಂದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಟ್ರಯಲ್ ಅಂತ ಹೇಳಿ ಇಂಜೆಕ್ಷನ್‌ಗೆ ದುಡ್ಡು ಕೇಳಿದರೆ ಅಮ್ಮನನ್ನು ಕರೆದುಕೊಂಡು ಮನೆಗೆ ಬನ್ನಿ.