ಬಿಡಿಎ (ಬಿಲ್ಡಿಂಗ್ ಒಳಗ ಫೈರ್‌ನವರ ರೇಡಿಯೊ ಸಿಗ್ನಲ್ ಜೋರು ಮಾಡೋ ಆಂಪ್ಲಿಫೈಯರ್) ಹಚ್ಚೋರಿಗೆ ಸರ್ಟಿಫಿಕೇಟ್ ಯಾಕ ಬೇಕು, ಯಾವ್ದು ಬೇಕು

ನಮ್ಮ ಕಲಬುರಗಿ, ಬೀದರ್ ಕಡೆ ಡಿಪ್ಲೊಮಾನೋ ಇಸಿ ಇಂಜಿನಿಯರಿಂಗೋ ಮುಗಿಸಿದ ಹುಡುಗ್ರು ಈಗ ಹೈದರಾಬಾದ್‌ನಾಗ ಕೂತು ಅಮೆರಿಕಾದ ಬಿಲ್ಡಿಂಗ್‌ಗಳಿಗೆ ಆಂಟೆನಾ ಡಿಸೈನ್ ಮಾಡ್ಲಕತ್ತಾರ, ಒಂದಿಷ್ಟು ಮಂದಿ ಗಲ್ಫ್‌ಗೆ ಹೋಗಿ ಕೇಬಲ್ ಎಳೀಲಕತ್ತಾರ. ಎಲ್ಲಾರೂ ಕೇಳೋದು ಒಂದೇ: "ಸರ್, ಪಬ್ಲಿಕ್ ಸೇಫ್ಟಿ ಡಾಸ್‌ಗೆ ಯಾವ ಸರ್ಟಿಫಿಕೇಟ್ ಮಾಡ್ಲಿ, ನೌಕ್ರಿ ಗ್ಯಾರಂಟಿ ಅದ ಏನ್ರೀ?" ಗ್ಯಾರಂಟಿ ಮಾತು ಬಿಡ್ರಿ, ಆ ಕಾಗದ ಯಾಕ ಕೇಳ್ತಾರ ಅನ್ನೋದು ಗೊತ್ತಾದ್ರ ಯಾವ್ದು ಮಾಡಬೇಕು ಅನ್ನೋದು ತಾನೇ ತಿಳೀತದ.

ಗೊತ್ತಿಲ್ಲದೋರಿಗೆ ಎರಡು ಮಾತು. ದೊಡ್ಡ ಬಿಲ್ಡಿಂಗ್‌ನ ಬೇಸ್‌ಮೆಂಟು, ಮೆಟ್ಟಿಲು, ಲಿಫ್ಟ್ ಲಾಬಿ, ಇಲ್ಲೆಲ್ಲಾ ಫೈರ್‌ನವರ ವಾಕಿಟಾಕಿ ಸತ್ತಂಗ ಆಗ್ತದ. ಅದಕ್ಕ ಟೆರೇಸ್ ಮ್ಯಾಲ ಹೊರಗಿನ ಟವರ್ ಸಿಗ್ನಲ್ ಹಿಡಿಯೋ ಒಂದು ಡೋನರ್ ಆಂಟೆನಾ ಹಚ್ಚಿ, ಬಿಡಿಎ ಅನ್ನೋ ಆಂಪ್ಲಿಫೈಯರ್‌ಗೆ ಕೊಟ್ಟು, ಒಳಗ ಪ್ರತಿ ಫ್ಲೋರಿಗೆ ಸಣ್ಣ ಆಂಟೆನಾ ಹಂಚ್ತಾರ. ಇದಕ್ಕೇ ಪಬ್ಲಿಕ್ ಸೇಫ್ಟಿ ಡಾಸ್ (ಡಿಸ್ಟ್ರಿಬ್ಯೂಟೆಡ್ ಆಂಟೆನಾ ಸಿಸ್ಟಮ್) ಅಂತಾರ. 2001ರ ಸೆಪ್ಟೆಂಬರ್ 11ಕ್ಕ ನ್ಯೂಯಾರ್ಕ್ ಟವರ್‌ನಾಗ ಫೈರ್‌ನವರ ರೇಡಿಯೊ ಸರಿ ಕೆಲಸ ಮಾಡ್ಲಿಲ್ಲ ಅಂತ ಆಮ್ಯಾಲ ಭಾಳ ಚರ್ಚೆ ಆಯ್ತು. ಮುಂದ ಅಮೆರಿಕಾದಾಗ ಬಳಸೋ 2009ರ ಇಂಟರ್‌ನ್ಯಾಷನಲ್ ಫೈರ್ ಕೋಡ್‌ನಾಗ ಸೆಕ್ಷನ್ 510 ಅಂತ ಇದು ಬಂತು: ಪ್ರತಿ ಫ್ಲೋರ್‌ನ 95% ಜಾಗದಾಗ ಕನಿಷ್ಠ ಮೈನಸ್ 95 ಡಿಬಿಎಂ (ಸಿಗ್ನಲ್ ಎಷ್ಟು ಜೋರು ಅಂತ ಹೇಳೋ ಅಳತಿ) ಸಿಗ್ನಲ್ ಇರಬೇಕು ಅಂತ ಆಗ ಬರೆದಿತ್ತು. ಟೆಸ್ಟ್ ಮಾಡೋವಾಗ ಫ್ಲೋರ್ ಅನ್ನ ಸುಮಾರು 20 ಚೌಕ ಮಾಡಿ, ಒಂದೊಂದರ ನಡುವ ನಿಂತು ಅಳೀತಾರ.

ಅದೇ ಕೋಡ್‌ನಾಗ ಕೆಲಸ ಮಾಡೋರಿಗೂ ಷರತ್ತು ಅದ. ಒಂದು, ಅಮೆರಿಕಾದ ರೇಡಿಯೊ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಕೊಡೋ ಜನರಲ್ ರೇಡಿಯೊಟೆಲಿಫೋನ್ ಆಪರೇಟರ್ ಲೈಸೆನ್ಸ್, ಅದನ್ನ ಗ್ರೋಲ್ ಅಂತಾರ. ಇನ್ನೊಂದು, ಒಪ್ಪಿಗೆ ಇರೋ ಸಂಸ್ಥೆಯ ಟ್ರೇನಿಂಗ್ ಸರ್ಟಿಫಿಕೇಟ್, ಇಲ್ಲಾಂದ್ರ ಯಾವ ಕಂಪನಿ ಬಿಡಿಎ ಹಚ್ಲಕತ್ತೀರೋ ಆ ಕಂಪನಿದು. ಗ್ರೋಲ್‌ಗೆ ಎರಡು ಪೇಪರ್: ಮೊದಲನೇದ್ರಾಗ 24 ಪ್ರಶ್ನೆಗೆ 18 ಸರಿ ಇರಬೇಕು, ಇನ್ನೊಂದ್ರಾಗ 100ಕ್ಕ 75. ಓದಿದ್ರ ಆಗ್ತದ, ಖರೇ. ಆದ್ರ ಅಮೆರಿಕಾದಾಗ ಕೆಲಸ ಮಾಡೋ ಹಕ್ಕು ಇದ್ದೋರಿಗೆ ಮಾತ್ರ ಅದು ಸಿಗೋದು. ಇದನ್ನ ಹೇಳದೇ ನಮ್ಮ ಹುಡುಗ್ರ ಕಡೆ ಗ್ರೋಲ್ ಕೋಚಿಂಗ್ ಅಂತ ರೊಕ್ಕ ತಗೊಳ್ಳೋರು ಅದಾರ, ಸ್ವಲ್ಪ ಹುಷಾರು.

ಇನ್ನು ಇಂಜಿನಿಯರಿಂಗ್ ಟೆಕ್ನಿಷಿಯನ್‌ಗಳಿಗೆ ಸರ್ಟಿಫಿಕೇಟ್ ಕೊಡೋ ಅಮೆರಿಕಾದ ನೈಸೆಟ್ ಸಂಸ್ಥೆ, ಸೇಫರ್ ಬಿಲ್ಡಿಂಗ್ಸ್ ಕೊಯಲಿಷನ್ ಅನ್ನೋ ಒಕ್ಕೂಟದ ಜತಿ ಸೇರಿ ಈ ಕೆಲಸಕ್ಕಂತ್ಲೇ ಬೇರೆ ಪರೀಕ್ಷೆ ಮಾಡ್ಯದ, ಅದಕ್ಕ ಈಗ ಅಲ್ಲಿ ಒಳ್ಳೆ ಬೆಲೆ. ಐಬ್ವೇವ್ ಅನ್ನೋ ಸಾಫ್ಟ್‌ವೇರ್ ಕಂಪನಿದು ಮೂರು ಲೆವೆಲ್ ಸರ್ಟಿಫಿಕೇಟ್ ಅದಾವ, ಆದ್ರ ಅದು ಡಿಸೈನ್ ಸಾಫ್ಟ್‌ವೇರ್ ಬರ್ತದ ಅಂತ ತೋರ್ಸೋ ಕಾಗದ, ಫೀಲ್ಡ್ ಕೆಲಸಕ್ಕಲ್ಲ. ಹೈದರಾಬಾದ್ ಆಫೀಸ್‌ನಾಗ ಕೂಡೋರಿಗೆ ನಾನು ಹೇಳೋದು ಮೊದ್ಲು ಇದನ್ನೇ ಮಾಡ್ರಿ ಅಂತ.

ಈಗ ಅಸಲಿ ವಿಷಯ. ಸೀಲಿಂಗ್‌ನಾಗ ಆಂಟೆನಾ ಹಚ್ಚೋದು, ಕೇಬಲ್ ಎಳೆಯೋದು ಯಾವ ಎಲೆಕ್ಟ್ರಿಷಿಯನ್ನಾದ್ರೂ ಮಾಡ್ತಾನ, ಮತ್ತ ಅಷ್ಟೊಂದು ಪರೀಕ್ಷೆ ಯಾಕ? ಯಾಕಂದ್ರ ತಪ್ಪು ಹಚ್ಚಿದ ಬಿಡಿಎ ಆ ಒಂದು ಬಿಲ್ಡಿಂಗ್ ಕೆಡಿಸಿ ಸುಮ್ನಿರಂಗಿಲ್ಲ. ಜಾತ್ರ್ಯಾಗ ಮೈಕ್ ಸ್ಪೀಕರ್ ಮುಂದ ಹಿಡಿದ್ರ ಕುಂಯ್ ಅಂತದಲ್ಲ, ಒಳಗಿನ ಆಂಟೆನಾದ ಸಿಗ್ನಲ್ ಟೆರೇಸ್ ಆಂಟೆನಾಕ್ಕ ಕೇಳಿಸಿದ್ರ ಬಿಡಿಎನೂ ಹಂಗೇ ಒದರ್ತದ. ಆ ಗದ್ದಲ ಸೀದಾ ಫೈರ್, ಪೊಲೀಸ್ ಟವರ್‌ನ ರಿಸೀವರ್‌ಗೆ ಹೋಗ್ತದ, ಆಗ ಊರಿನ ಇನ್ನೊಂದು ಮೂಲಿಯಾಗ ಬೆಂಕಿ ಒಳಗ ನಿಂತ ಮನುಷ್ಯಾನ ವೀಕ್ ಸಿಗ್ನಲ್ ಟವರ್‌ಗೆ ಕೇಳಂಗಿಲ್ಲ, ಅವ ಕರೀತಾನ, ಯಾರೂ ಓಗೊಡಂಗಿಲ್ಲ. ಇದು ಯಾರ ಬಿಡಿಎಯಿಂದ ಆಯ್ತು ಅಂತ ಹುಡ್ಕೋದ್ರಾಗ ಹೊತ್ತು ಹೋಗಿರ್ತದ. ಅದಕ್ಕೇ ಅಲ್ಲಿ ಫ್ರೀಕ್ವೆನ್ಸಿ ಯಾರ ಹೆಸರಿಲೆ ಅದನೋ ಅವರ ಒಪ್ಪಿಗೆ ಇಲ್ದೆ ಬಿಡಿಎ ಆನ್ ಮಾಡಂಗಿಲ್ಲ, ಕ್ಲಾಸ್ ಬಿ (ಭಾಳ ಚಾನೆಲ್ ಒಟ್ಟಿಗೇ ಜೋರು ಮಾಡೋದು) ಇದ್ರ ಎಫ್‌ಸಿಸಿಯಾಗ ರಿಜಿಸ್ಟರ್ ಬೇರೆ ಮಾಡಿಸ್ಬೇಕು.

ಒಂದು ಲೆಕ್ಕ ನೋಡ್ರಿ. ಒಳಗಿನ ಆಂಟೆನಾ ಲೈನಿಗೆ ಸಿಗ್ನಲ್ ಜನರೇಟರ್‌ನಿಂದ 0 ಡಿಬಿಎಂ ಕೊಟ್ರಿ, ಟೆರೇಸ್‌ನ ಡೋನರ್ ಕೇಬಲ್‌ಗೆ ಸ್ಪೆಕ್ಟ್ರಮ್ ಅನಲೈಸರ್ ಹಚ್ಚಿದ್ರ ಮೈನಸ್ 85 ತೋರಿಸ್ತು. ಅಂದ್ರ ಐಸೊಲೇಷನ್, ಒಳಗಿನ ಸಿಗ್ನಲ್ ಟೆರೇಸ್‌ಗೆ ಹೋಗೋದ್ರಾಗ ಎಷ್ಟು ಕಮ್ಮಿ ಆಗ್ತದ ಅನ್ನೋದು, 85 ಡಿಬಿ. ಗೇನ್‌ಗಿಂತ (ಬಿಡಿಎ ಸಿಗ್ನಲ್ ಎಷ್ಟು ಜೋರು ಮಾಡ್ತದ ಅನ್ನೋದು) ಐಸೊಲೇಷನ್ 20 ಡಿಬಿ ಜಾಸ್ತಿ ಇರಬೇಕು ಅನ್ನೋದು ನಿಯಮ, ಹಂಗಾಗಿ ಗೇನ್ 65ರ ಮ್ಯಾಲ ಇಡಂಗಿಲ್ಲ. ಬಿಡಿಎ ಮ್ಯಾಲ 80 ಅಂತ ಬರೆದದ ಅಂತ 80ಕ್ಕ ಇಟ್ರ ಮುಗೀತು. 65 ಸಾಲಂಗಿಲ್ಲ ಅಂದ್ರ ಡೋನರ್ ಆಂಟೆನಾ ಜಾಗ ಬದಲಿಸ್ರಿ, ಟೆರೇಸ್ ಸ್ಲ್ಯಾಬ್ ಕೆಳಗಿನ ಫ್ಲೋರ್‌ನ ಆಂಟೆನಾ ಓಪನ್ ಡಕ್ಟ್‌ನಿಂದ ದೂರ ಸರಿಸ್ರಿ, ಮತ್ತ ಅಳೀರಿ.

ನಮ್ಮೂರಾಗ ಏನಪಾ ಅಂದ್ರ, ಆನ್‌ಲೈನ್‌ನಾಗ ಸಿಗೋ ಮೊಬೈಲ್ ಬೂಸ್ಟರ್ ತಂದು ಅಂಗಡಿ ಮ್ಯಾಲ ಹಚ್ಚೋರು ಭಾಳ ಮಂದಿ. ಪರ್ಮಿಷನ್ ಇಲ್ದೆ ಅದು ಕಾನೂನಿಗೆ ವಿರುದ್ಧ, ಅದೂ ಹಿಂಗೇ ಟವರ್ ಕೆಡಸ್ತದ. ಆರ್‌ಎಫ್ (ರೇಡಿಯೊ ಫ್ರೀಕ್ವೆನ್ಸಿ) ಕೈಯಾರೆ ಕಲೀಬೇಕು ಅಂದ್ರ ಕೇಂದ್ರ ಸರ್ಕಾರದ ವೈರ್‌ಲೆಸ್ ಲೈಸೆನ್ಸ್ ವಿಭಾಗ ಡಬ್ಲ್ಯೂಪಿಸಿದವರ ಹ್ಯಾಮ್ (ಹವ್ಯಾಸಿ ರೇಡಿಯೊ) ಪರೀಕ್ಷೆ ಬರೀರಿ, ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಕೋಡೂ ಬೇಕಾಗಿಲ್ಲ. ಆಂಟೆನಾ, ಫೀಡರ್, ಡಿಬಿ ಎಲ್ಲಾ ಅಲ್ಲೇ ತಲ್ಯಾಗ ಇಳೀತದ, ಅದೂ ಕಮ್ಮಿ ಖರ್ಚಿನಾಗ.

ಗಲ್ಫ್‌ಗೆ ಹೋಗೋರು ಬ್ಯಾಟರಿ ಕಡೆ ಗಮನ ಕೊಡ್ರಿ. ಮ್ಯಾಲ ಹೇಳಿದ ಫೈರ್ ಕೋಡ್‌ನಾಗ 12 ತಾಸು ಬ್ಯಾಕಪ್ ಕೇಳ್ತಾರ, ಹಳೇ ಎಡಿಷನ್‌ನಾಗ 24 ಇತ್ತು. ನಮ್ಮ ಮೇ ತಿಂಗಳಿನಂಥ ಬಿಸಿಲಾಗ ಎಸಿ ಇಲ್ಲದ ರೂಮಿನಾಗಿಟ್ಟ ಲೆಡ್ ಆಸಿಡ್ ಬ್ಯಾಟರಿದು ಬಿಸಿ ಏರಿದ ಪ್ರತಿ 10 ಡಿಗ್ರಿಗೆ ಆಯುಷ್ಯ ಸುಮಾರು ಅರ್ಧ ಆಗ್ತದ, ಪೇಪರ್ ಮ್ಯಾಲಿನ 12 ತಾಸು ಎರಡನೇ ವರ್ಷಕ್ಕ ಇರ್ತದೋ ಇಲ್ಲೋ ಲೋಡ್ ಹಾಕೇ ನೋಡಬೇಕು.

ಯಾವ್ದಾರ ಇನ್‌ಸ್ಟಿಟ್ಯೂಟ್‌ಗೆ ಫೀಸ್ ಕಟ್ಟೋಕಿಂತ ಮೊದ್ಲು ಡೆಮೊ ಕ್ಲಾಸಿನಾಗ ಪಾಠ ಹೇಳೋರಿಗೆ ಕೇಳ್ರಿ: ಗೇನ್ 75, ಐಸೊಲೇಷನ್ 88, ಏನ್ ಮಾಡ್ತೀರಿ ಸರ್? ಗೇನ್ 68ಕ್ಕ ಇಳಿಸ್ಬೇಕು ಇಲ್ಲಾ ಆಂಟೆನಾ ಸರಿಸ್ಬೇಕು ಅಂತ ಹೇಳಿದ್ರ ಕೂಡ್ರಿ. ಪ್ಲೇಸ್‌ಮೆಂಟ್ ಸ್ಲೈಡ್ ತೆಗೆದ್ರ ಎದ್ದು ಬರ್ರಿ.