ಎಲೆಕ್ಟ್ರಾನ್ ಎಷ್ಟು ದಪ್ಪ?

ಪಾಠದ ಚಿತ್ರದಲ್ಲಿ ಪ್ರೋಟಾನ್ ಕೆಂಪು ಗೋಲಿ, ಎಲೆಕ್ಟ್ರಾನ್ ಅದಕ್ಕಿಂತ ಚಿಕ್ಕ ನೀಲಿ ಗೋಲಿ. ಹಾಗಾದರೆ ಆ ನೀಲಿ ಗೋಲಿಯ ತ್ರಿಜ್ಯ ಎಷ್ಟು? ನಾನು ಹುಡುಕಿದಾಗ ಒಂದು ಕಡೆ 2.82 ಫೆಮ್ಟೊಮೀಟರ್ (ಒಂದು ಫೆಮ್ಟೊಮೀಟರ್ ಅಂದರೆ 10⁻¹⁵ ಮೀಟರ್) ಅಂತಿತ್ತು, ಇನ್ನೊಂದು ಕಡೆ ಸೊನ್ನೆ ಅಂತಿತ್ತು. ತಲೆ ಕೆಟ್ಟಿತು. ಆಮೇಲೆ ಪೆನ್ನು ಹಿಡಿದು ಕೂತಾಗ ಮೊದಲ ಸಂಖ್ಯೆ ಎಲ್ಲಿಂದ ಬಂತು ಅನ್ನುವುದು ತಿಳಿಯಿತು.

ಗೋಲಿಯ ಮೈಮೇಲೆ ಚಾರ್ಜ್ ಹರಡಿದೆ ಅಂದುಕೊಳ್ಳಿ. ಒಂದೇ ಬಗೆಯ ಚಾರ್ಜ್ ಒಂದನ್ನೊಂದು ತಳ್ಳುತ್ತದೆ. ಅದನ್ನು ಒತ್ತಿ ಒಂದೆಡೆ ಕೂರಿಸಲು ಶಕ್ತಿ ಬೇಕು. ಗೋಲಿ ಚಿಕ್ಕದಾದಷ್ಟೂ ಜಾಸ್ತಿ ಶಕ್ತಿ. ಎಲೆಕ್ಟ್ರಾನಿನ ದ್ರವ್ಯರಾಶಿ ಪೂರ್ತಿ ಈ ಶಕ್ತಿಯಿಂದಲೇ ಬಂದಿದೆ ಅಂತ ಇಟ್ಟುಕೊಂಡರೆ ಲೆಕ್ಕ ಒಂದೇ ಸಾಲಿನದು. ಒಂದು ಫೆಮ್ಟೊಮೀಟರ್ ದೂರದಲ್ಲಿರುವ ಎರಡು ಎಲೆಕ್ಟ್ರಾನ್‌ಗಳ ನಡುವಿನ ಶಕ್ತಿ 1.44 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ). ಎಲೆಕ್ಟ್ರಾನಿನ ದ್ರವ್ಯರಾಶಿಯನ್ನು ಶಕ್ತಿಯಾಗಿ ಬರೆದರೆ ಅದೇ ಮಾನದಲ್ಲಿ 0.511. 1.44 ಅನ್ನು 0.511ರಿಂದ ಭಾಗಿಸಿ: 2.82. (ಚಾರ್ಜ್ ಮೈಮೇಲಿದೆಯೋ, ಒಳಗೆಲ್ಲ ಹರಡಿದೆಯೋ ಅನ್ನುವುದರ ಮೇಲೆ ಬರುವ ಅರ್ಧ, ಐದನೇ ಮೂರು ಅನ್ನುವ ಗುಣಕಗಳನ್ನು ಇಲ್ಲಿ ಬಿಟ್ಟಿದ್ದೇವೆ, ಪರವಾಗಿಲ್ಲ.)

ಅಂದರೆ 2.82 ಯಾರೂ ಅಳೆದು ತಂದ ಗಾತ್ರ ಅಲ್ಲ. ಒಂದು ಊಹೆಯಿಂದ ಹೊರಟ ಲೆಕ್ಕ. ಇನ್ನೂ ತಮಾಷೆ ನೋಡಿ: ಪ್ರೋಟಾನಿನ ಅಳೆದ ತ್ರಿಜ್ಯ ಸುಮಾರು 0.84 ಫೆಮ್ಟೊಮೀಟರ್. ಈ ಲೆಕ್ಕ ನಂಬಿದರೆ ಪ್ರೋಟಾನಿಗಿಂತ 1836 ಪಟ್ಟು ಹಗುರವಾದ ಎಲೆಕ್ಟ್ರಾನ್ ಅದಕ್ಕಿಂತ ಮೂರು ಪಟ್ಟು ದಪ್ಪ ಆಗಬೇಕು! ಪಾಠದ ಚಿತ್ರವೇ ತಲೆಕೆಳಗು.

ಈ ಗೋಲಿಗೆ 1925ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ನೆದರ್ಲೆಂಡ್ಸ್‌ನ ಇಬ್ಬರು ಹುಡುಗರು, ಊಲೆನ್‌ಬೆಕ್ ಮತ್ತು ಹೌಡ್‌ಸ್ಮಿಟ್, ಎಲೆಕ್ಟ್ರಾನಿಗೆ ಸ್ಪಿನ್, ಅಂದರೆ ತನ್ನ ಸುತ್ತ ತಾನೇ ತಿರುಗುವಂಥ ಗುಣ, ಇದೆ ಅಂದರು. ಹಿರಿಯ ಭೌತವಿಜ್ಞಾನಿ ಲೊರೆಂಟ್ಸ್ ಲೆಕ್ಕ ಹಾಕಿ, ಗೋಲಿ ನಿಜವಾಗಿ ಬುಗುರಿಯ ಹಾಗೆ ತಿರುಗಿದರೆ ಅದರ ಮೈ ಬೆಳಕಿಗಿಂತ ವೇಗವಾಗಿ ಓಡಬೇಕಾಗುತ್ತದೆ ಅಂತ ತೋರಿಸಿದರು. ಹುಡುಗರು ಹೆದರಿ ಲೇಖನ ವಾಪಸ್ ಕೇಳಿದರು. ಅಷ್ಟರಲ್ಲಿ ಅವರ ಗುರು ಎರೆನ್‌ಫೆಸ್ಟ್ ಅದನ್ನು ಕಳಿಸಿಯೂ ಆಗಿತ್ತು. ಕೊನೆಗೆ ಸ್ಪಿನ್ ಉಳಿಯಿತು, ತಿರುಗುವ ಗೋಲಿ ಹೋಯಿತು.

ಸರಿ, ಅಳೆಯುವುದಾದರೆ ಹೇಗೆ? ಟೇಪ್ ಹಿಡಿಯಲು ಆಗಲ್ಲ. ವೇಗವಾದ ಕಣಗಳನ್ನು ಎಸೆದು, ಅವು ಯಾವ ಕೋನಕ್ಕೆ ಎಷ್ಟು ಚದುರುತ್ತವೆ ಅಂತ ಎಣಿಸಬೇಕು. ಬರೀ ಬಿಂದುವಿಗೆ ತಾಗಿದರೆ ಎಷ್ಟು ಚದುರಬೇಕು ಅನ್ನುವುದು ಸಿದ್ಧಾಂತದಿಂದ ಗೊತ್ತು. ಅದಕ್ಕೆ ಹೋಲಿಸಿದರೆ ವ್ಯತ್ಯಾಸ ಬಂದರೆ ಒಳಗೆ ಹರವು ಇದೆ ಎಂದರ್ಥ. 1950ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹಾಫ್‌ಸ್ಟಾಡ್ಟರ್ ಪ್ರೋಟಾನಿಗೆ ಗಾತ್ರ ಇದೆ ಅಂತ ಕಂಡುಕೊಂಡದ್ದು ಹೀಗೆಯೇ. ಜಿನೀವಾ ಬಳಿಯ 27 ಕಿಲೋಮೀಟರ್ ಸುತ್ತಳತೆಯ ಉಂಗುರದಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು (ಎಲೆಕ್ಟ್ರಾನಿನಂಥದ್ದೇ, ಆದರೆ ಪ್ಲಸ್ ಚಾರ್ಜಿನ ಕಣ) ಡಿಕ್ಕಿ ಹೊಡೆಸಿದಾಗ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಗಾತ್ರ ಇದ್ದರೂ ಅದು 10⁻¹⁸ ಮೀಟರಿಗಿಂತ ಕಡಿಮೆ, ಅಂದರೆ ಫೆಮ್ಟೊಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಪರೀಕ್ಷೆಯಲ್ಲಿ ‘ಸೊನ್ನೆ’ ಅಂತ ಬರೆಯುವ ಮುಂಚೆ ಇದನ್ನು ನೆನಪಿಡಿ: ಇದು ಮೇಲ್ಮಿತಿ, ಅಳತೆ ಅಲ್ಲ.

ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನ್ ಮೋಡದ ಹಾಗೆ 0.05 ನ್ಯಾನೊಮೀಟರ್‌ನಷ್ಟು ಹರಡಿರುತ್ತದಲ್ವಾ ಅಂತ ಕೇಳಬಹುದು. ಆ ಮೋಡ ಹೇಳುವುದು ಎಲ್ಲಿ ಸಿಗಬಹುದು ಅನ್ನುವುದನ್ನು. ಸಿಕ್ಕಾಗ ಇಡೀ ಎಲೆಕ್ಟ್ರಾನ್ ಒಂದೇ ಕಡೆ ಸಿಗುತ್ತದೆ. ಅರ್ಧ ಚಾರ್ಜ್ ಇಲ್ಲಿ, ಅರ್ಧ ಅಲ್ಲಿ ಅಂತ ಯಾವತ್ತೂ ಸಿಕ್ಕಿಲ್ಲ.

ಈಗ ಚಾರ್ಜ್. ಅಮೆರಿಕದ ವಿಜ್ಞಾನಿ ಮಿಲಿಕನ್ 1909ರ ಹೊತ್ತಿಗೆ ಎಣ್ಣೆ ಹನಿಗಳನ್ನು ಗಾಳಿಯಲ್ಲಿ ತೇಲಿಸಿ ನೋಡಿದಾಗ, ಹನಿಯ ಚಾರ್ಜ್ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತಿತ್ತು. ಮೆಟ್ಟಿಲ ಎತ್ತರ ಯಾವಾಗಲೂ ಒಂದೇ: ಒಂದು ಎಲೆಕ್ಟ್ರಾನಿನ ಚಾರ್ಜ್. 2019ರಿಂದ ಅದನ್ನು 1.602176634 × 10⁻¹⁹ ಕೂಲಂಬ್ ಅಂತ ನಿಗದಿ ಮಾಡಿಬಿಟ್ಟಿದ್ದಾರೆ. ತಲೆ ಬಾಚಿದ ಬಾಚಣಿಗೆಯಲ್ಲಿ ಒಂದು ನ್ಯಾನೊಕೂಲಂಬ್ ಇದ್ದರೆ ಸುಮಾರು 624 ಕೋಟಿ ಎಲೆಕ್ಟ್ರಾನ್ ಆ ಕಡೆಯಿಂದ ಈ ಕಡೆ ಬಂದಿವೆ ಎಂದರ್ಥ. ಹೊಸದಾಗಿ ಹುಟ್ಟಿದ್ದಲ್ಲ, ಜಾಗ ಬದಲಿಸಿದ್ದು ಅಷ್ಟೆ.

ಓಡಿದರೆ ಚಾರ್ಜ್ ಬದಲಾಗುತ್ತದಾ? ಇಲ್ಲ. ಒಲೆ ಮೇಲಿನ ಕಾವಲಿ ನೋಡಿ. ಕಾದಾಗ ಎಲೆಕ್ಟ್ರಾನ್‌ಗಳ ಓಟವೂ, ನ್ಯೂಕ್ಲಿಯಸ್‌ಗಳ ಅಲುಗಾಟವೂ ಹೆಚ್ಚುತ್ತವೆ, ಆದರೆ ಒಂದೇ ಸಮ ಅಲ್ಲ. ವೇಗದ ಜೊತೆ ಚಾರ್ಜೂ ಬದಲಾಗುವುದಾದರೆ ಪ್ಲಸ್ ಮೈನಸ್ ಸರಿತೂಗುವ ಲೆಕ್ಕ ತಪ್ಪಿ, ದೋಸೆ ಎಬ್ಬಿಸುವಾಗೆಲ್ಲ ಶಾಕ್ ಹೊಡೆಯಬೇಕಿತ್ತು.

ಆದರೂ ಹತ್ತಿರ ಹೋದಾಗ ಚಾರ್ಜ್ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ನೀರಿಗೆ ಬಿದ್ದ ಉಪ್ಪನ್ನು ನೆನೆಸಿಕೊಳ್ಳಿ. ನೀರಿನ ಅಣುಗಳು ಪ್ರತಿ ಅಯಾನಿನ ಸುತ್ತ ಮುಖ ತಿರುಗಿಸಿ ನಿಂತು ಅದರ ಚಾರ್ಜನ್ನು ಮರೆಮಾಡುತ್ತವೆ. ಅಯಾನುಗಳ ನಡುವಿನ ಸೆಳೆತ ಸುಮಾರು 80 ಪಟ್ಟು ಕಡಿಮೆಯಾಗುತ್ತದೆ. ಉಪ್ಪು ಕರಗುವುದಕ್ಕೆ ಅದು ದೊಡ್ಡ ಕಾರಣ. ಖಾಲಿ ಜಾಗವೂ ತೀರಾ ಖಾಲಿಯಲ್ಲ. ಅದೂ ಎಲೆಕ್ಟ್ರಾನಿನ ಸುತ್ತ ಹೀಗೇ ಒಂದು ತೆಳು ಪರದೆ ಕಟ್ಟುತ್ತದೆ. ದೂರದಿಂದ ನೋಡಿದರೆ ವಿದ್ಯುತ್ ಸೆಳೆತದ ಬಲವನ್ನು ಹೇಳುವ ಸಂಖ್ಯೆ 137ರಲ್ಲಿ ಒಂದು. ಜಿನೀವಾದ ಡಿಕ್ಕಿಗಳಷ್ಟು ಹತ್ತಿರ ಹೋದರೆ ಪರದೆಯ ಒಳಗೆ ಕಾಲಿಟ್ಟ ಹಾಗೆ, ಅದು ಸುಮಾರು 128ರಲ್ಲಿ ಒಂದು.