ಗೋವಾದ ಕ್ರಿಶ್ಚಿಯನ್ನರು ಧರ್ಮ ಬಿಡುತ್ತಿದ್ದಾರಾ? ಮತ್ತೆ ಅದೇ ಪ್ರಶ್ನೆ

ಓದುಗರ ಪ್ರಶ್ನೆ: "ಸರ್, ಮನೆಯವರೆಲ್ಲ ಸೇರಿ ಗೋವಾ ನೋಡಲು ಬಂದಿದ್ದೆವು. ಒಂದು ಕಾಲಕ್ಕೆ ಇಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದ ಕ್ರಿಶ್ಚಿಯನ್ನರು ಈಗ ಕಾಲು ಭಾಗ ಮಾತ್ರ ಅಂತ ಗೈಡ್ ಹೇಳಿದ. ಹಳೇ ಗೋವಾದಲ್ಲಿ ಪಾಳುಬಿದ್ದ ದೊಡ್ಡ ಚರ್ಚನ್ನೂ ನೋಡಿದೆವು. ಯುರೋಪಿನ ಹಾಗೆ ಇಲ್ಲೂ ಜನ ಧರ್ಮ ಬಿಡುತ್ತಿದ್ದಾರಾ?"

ಇಲ್ಲ, ಬಿಡುತ್ತಿಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಹುಬ್ಬಳ್ಳಿಯಿಂದ ಬಂದ ನೆಂಟರು ಕೇಳುತ್ತಾರೆ. ಪಕ್ಕದ ಸೀಟಿನಲ್ಲಿ ಕೂತ ಬಸ್ ಪ್ರಯಾಣಿಕರು ಕೇಳುತ್ತಾರೆ. ಒಮ್ಮೆ ಮದುವೆ ಊಟದ ಪಂಕ್ತಿಯಲ್ಲೂ ಕೇಳಿದರು. ನಾನು ಗೋವಾದ ಬಂದರು ಊರು ವಾಸ್ಕೋದಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು. 2001 ಮತ್ತು 2011ರ ಜನಗಣತಿಯಲ್ಲಿ ಫಾರಂ ಹಿಡಿದು ಮನೆ ಮನೆ ಹತ್ತಿಳಿದವನು. ಹಾಗಾಗಿ ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ.

ಮೊದಲು ಅಂಕಿ ನೋಡೋಣ. 1991ರಲ್ಲಿ ಗೋವಾದ ಜನರಲ್ಲಿ ಶೇಕಡಾ 29.86 ಕ್ರಿಶ್ಚಿಯನ್ನರು. 2001ರಲ್ಲಿ 26.68. 2011ರಲ್ಲಿ 25.10. ಇಳಿದಿದೆ, ಅದು ನಿಜ. ಈಗ ತಲೆ ಎಣಿಸಿ. 1991ರಲ್ಲಿ 3,49,225 ಜನ. 2001ರಲ್ಲಿ 3,59,568. 2011ರಲ್ಲಿ 3,66,130. ಇದು ಏರಿದೆ! ಇಪ್ಪತ್ತು ವರ್ಷದಲ್ಲಿ ಸುಮಾರು ಹದಿನೇಳು ಸಾವಿರ ಜನ ಜಾಸ್ತಿಯಾಗಿದ್ದಾರೆ. ಅದೇ ಇಪ್ಪತ್ತು ವರ್ಷದಲ್ಲಿ ಇಡೀ ಗೋವಾದ ಜನಸಂಖ್ಯೆ ಎರಡು ಲಕ್ಷ ಎಂಬತ್ತೆಂಟು ಸಾವಿರಕ್ಕೂ ಮೇಲೆ ಏರಿತು.

ಅಂಶ, ಛೇದ ಅಂತ ಶಾಲೆಯಲ್ಲಿ ಕಲಿತಿದ್ದು ನೆನಪಿದೆ ಅಲ್ವಾ? ಮೇಲಿನ ಸಂಖ್ಯೆ ಅಲ್ಲೇ ಇದ್ದು ಕೆಳಗಿನದು ಬೆಳೆದರೂ ಶೇಕಡಾ ಇಳಿಯುತ್ತದೆ. ಯಾರೂ ಏನನ್ನೂ ಬಿಡಬೇಕಾಗಿಲ್ಲ. ಇದನ್ನು ಆರನೇ ಕ್ಲಾಸಿನ ಮಕ್ಕಳು ಒಂದೇ ಪಿರಿಯಡ್ಡಿನಲ್ಲಿ ಹಿಡಿಯುತ್ತಿದ್ದರು. ದೊಡ್ಡವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.

ಒಂದು ಮನೆಯ ಲೆಕ್ಕ ಹೇಳುತ್ತೇನೆ, ನಾನೇ ಬಾಡಿಗೆಗಿದ್ದ ವಠಾರದ್ದು. 1980ರ ದಶಕದ ಕೊನೆಗೆ ನಾನು ಆ ಕಾಂಪೌಂಡಿಗೆ ಬರುವ ಮುಂಚೆ ಅಲ್ಲಿದ್ದದ್ದು ಒಂದೇ ಕುಟುಂಬ. ಗಂಡ, ಹೆಂಡತಿ, ಐದು ಮಕ್ಕಳು. ಏಳಕ್ಕೆ ಏಳೂ ಕ್ರಿಶ್ಚಿಯನ್ನರು, ಅಂದರೆ ಶೇಕಡಾ ನೂರು. ಮುಂದೆ ಇಬ್ಬರು ಗಂಡುಮಕ್ಕಳು ಕುವೈತಿಗೆ ಹೋದರು. ಒಬ್ಬ ಹಡಗು ಹತ್ತಿದ. ಒಬ್ಬ ಮಗಳು ಮದುವೆಯಾಗಿ ಮುಂಬೈಯ ಬಾಂದ್ರಾಕ್ಕೆ ಹೋದಳು. ಕೊನೆಯವಳು ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡಿನ ಸ್ವಿಂಡನ್‌ಗೆ ಹೋದಳು. ಯಜಮಾನರು ತೀರಿಕೊಂಡರು. ಒಂಟಿಯಾದ ಆಂಟಿ ಹಿತ್ತಲಲ್ಲಿ ನಾಲ್ಕು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟರು. 2011ರ ಫೆಬ್ರವರಿಯಲ್ಲಿ ನಾನೇ ಫಾರಂ ಹಿಡಿದು ಅಲ್ಲಿಗೆ ಹೋದೆ. ಹಿತ್ತಲಿನ ರೂಮುಗಳಲ್ಲಿ ಬಾಗಲಕೋಟೆಯ ಎರಡು ಮನೆಯವರು, ಗದಗದ ಒಂದು, ಹುಬ್ಬಳ್ಳಿಯ ಒಂದು ಮುಸ್ಲಿಂ ಕುಟುಂಬ, ಒಟ್ಟು ಹದಿನೆಂಟು ಜನ. ಮುಂದಿನ ದೊಡ್ಡ ಮನೆಯಲ್ಲಿ ಆಂಟಿ ಒಬ್ಬರೇ.

ಹತ್ತೊಂಬತ್ತರಲ್ಲಿ ಒಬ್ಬರು. ಶೇಕಡಾ ನೂರರಿಂದ ಐದಕ್ಕೆ ಬಂತು. ಈಗ ಹೇಳಿ, ಆ ಮನೆಯಲ್ಲಿ ಧರ್ಮ ಬಿಟ್ಟವರು ಯಾರು?

ಆವತ್ತು ಹಡಗಿನ ಮಗನ ಹೆಸರನ್ನೂ ಬರೆದುಕೊಳ್ಳಿ ಅಂತ ಆಂಟಿ ಪಟ್ಟು ಹಿಡಿದರು. ಅವನ ಅಂಗಿಗಳು ಬೀರುವಿನಲ್ಲೇ ಇದ್ದವು. ತೆರೆದು ತೋರಿಸಿದರು. ಆದರೆ ನಿಯಮ ಇರುವುದು ಹೀಗೆ: ಎಣಿಕೆಯ ಅಷ್ಟೂ ದಿನ ಊರಲ್ಲಿ ಇಲ್ಲದವರನ್ನು ಆ ಮನೆಯ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಬರೆಯಲಾಗುವುದಿಲ್ಲ ಆಂಟಿ ಅಂದಾಗ ಅವರ ಮುಖ ಸಣ್ಣದಾಯಿತು. ಅದು ನನಗೆ ಇವತ್ತಿಗೂ ಮರೆತಿಲ್ಲ.

ಆ ಪಾಸ್‌ಪೋರ್ಟಿನ ವಿಷಯ ನಮ್ಮ ಕಡೆಯವರಿಗೆ ಅಷ್ಟು ಗೊತ್ತಿಲ್ಲ. 1961ರ ಡಿಸೆಂಬರ್ 19ಕ್ಕೆ ಗೋವಾ ಭಾರತಕ್ಕೆ ಸೇರಿತು. ಅದಕ್ಕೂ ಮುಂಚೆ ಇಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗಲ್ಲಿನ ಪೌರತ್ವ ಕೇಳಬಹುದು. ಅಜ್ಜನ ಜನನ ದಾಖಲೆಯನ್ನು ಲಿಸ್ಬನ್ನಿನಲ್ಲಿ ನೋಂದಾಯಿಸಬೇಕು. ಬ್ರೆಕ್ಸಿಟ್ ಆಗುವ ತನಕ, ಅಂದರೆ ಇಂಗ್ಲೆಂಡ್ ಯುರೋಪಿಯನ್ ಒಕ್ಕೂಟ ಬಿಡುವ ತನಕ, ಆ ಪಾಸ್‌ಪೋರ್ಟ್ ಹಿಡಿದು ನೇರ ಇಂಗ್ಲೆಂಡಿಗೆ ಹೋಗಿ ಕೆಲಸ ಮಾಡಬಹುದಿತ್ತು. ಸಾವಿರಾರು ಜನ ಹೋದರು. ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಹಾಗಾಗಿ ಆ ಪೌರತ್ವ ಪಡೆದವರು ಇಲ್ಲಿನ ಮತದಾರರ ಪಟ್ಟಿಯಲ್ಲೂ ಇರುವ ಹಾಗಿಲ್ಲ. ಜೊತೆಗೆ ಇಲ್ಲಿ ಮಕ್ಕಳು ಹುಟ್ಟುವುದೂ ಕಡಿಮೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗೋವಾದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.3 ಮಕ್ಕಳು. ಇದು ಎಲ್ಲ ಧರ್ಮದವರೂ ಸೇರಿದ ಲೆಕ್ಕ. ಜನಸಂಖ್ಯೆ ಇಳಿಯದೇ ಇರಲು 2.1 ಬೇಕು.

ಹಾಗಾದರೆ ಛೇದ ಬೆಳೆಸಿದವರು ಯಾರು? ನಾವೂ ಸೇರಿದ ಹಾಗೆ, ಹೊರಗಿಂದ ಬಂದವರು. 2011ರಲ್ಲಿ ಗೋವಾದ ನೂರು ಜನರಲ್ಲಿ ಸುಮಾರು ಐವರ ಮನೆಮಾತು ಕನ್ನಡ. ಗಾರೆ ಕೆಲಸ, ಬಂದರಿನ ಕೆಲಸ, ತರಕಾರಿ ಮಾರಾಟ, ಹೋಟೆಲು, ಎಲ್ಲ ಕಡೆ ನಮ್ಮವರಿದ್ದಾರೆ. ಇಲ್ಲಿನ ಕೆಲವರು ನಮ್ಮನ್ನು ಹೀಯಾಳಿಸಿ 'ಘಾಟಿ', ಅಂದರೆ ಘಟ್ಟದ ಆಚೆಯವರು, ಅನ್ನುತ್ತಾರೆ. ಆ ಮಾತು ನನ್ನ ಶಾಲೆಯ ಮಕ್ಕಳನ್ನು ಅಳಿಸಿದೆ. ಅದನ್ನು ನಾನು ಒಪ್ಪುವುದಿಲ್ಲ. ಆದರೆ ತಮ್ಮ ಊರಲ್ಲೇ ತಾವು ಕಮ್ಮಿಯಾಗುತ್ತಿದ್ದೇವೆ ಅನ್ನುವ ಅವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ ಅಂತ ಆ ಫಾರಂಗಳನ್ನು ತುಂಬಿದ ಮೇಲೆ ನನಗೆ ಗೊತ್ತಾಯಿತು.

ಹತ್ತೊಂಬತ್ತನೆಯ ಶತಮಾನದ ನಡುವೆ ಅರ್ಧಕ್ಕಿಂತ ಜಾಸ್ತಿ ಕ್ರಿಶ್ಚಿಯನ್ನರಿದ್ದರು ಅನ್ನುವುದು ಸರಿ. ಆದರೆ ಗೋವಾ ಪೂರ್ತಿ ಎಂದೂ ಒಂದೇ ಬಣ್ಣದ್ದಲ್ಲ. ತಿಸ್ವಾಡಿ, ಬಾರ್ದೇಶ್, ಸಾಸಷ್ಟಿ ತಾಲೂಕುಗಳು ಪೋರ್ಚುಗೀಸರಿಗೆ ಹದಿನಾರನೆಯ ಶತಮಾನದಲ್ಲೇ ಸಿಕ್ಕಿದ್ದು. ಮತಾಂತರ ಜೋರಾಗಿ ನಡೆದದ್ದು ಅಲ್ಲಿ. ಫೋಂಡಾ, ಡಿಚೋಲಿ, ಸತ್ತರಿ, ಪೆಡ್ಣೆ ಅವರ ಕೈಗೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಅಲ್ಲಿನ ದೇವಸ್ಥಾನಗಳು ಉಳಿದವು, ಹಿಂದೂಗಳೇ ಹೆಚ್ಚಾಗಿದ್ದರು. ಇನ್ನು ಇಲ್ಲಿಂದ ಕ್ರಿಶ್ಚಿಯನ್ನರು ಹೊರಗೆ ಹೋಗುವುದು ಹಳೇ ಕಥೆ. ನಮ್ಮ ಮಂಗಳೂರಿನ ಕೊಂಕಣಿ ಕ್ಯಾಥೊಲಿಕರಲ್ಲಿ ಬಹಳಷ್ಟು ಜನರ ಹಿರಿಯರು ಗೋವಾದಿಂದಲೇ ಬಂದವರಲ್ವಾ?

ನೀವು ನೋಡಿದ ಪಾಳು ಚರ್ಚಿಗೆ ಬರೋಣ. ಅದು ಸಂತ ಅಗಸ್ಟೀನರ ಚರ್ಚು. ಕೆಂಪು ಜಂಬಿಟ್ಟಿಗೆಯ ಆ ಗೋಪುರ ಸುಮಾರು 46 ಮೀಟರ್ ಎತ್ತರ ಇದೆ. ಕಟ್ಟಿ ಮುಗಿಸಿದ್ದು 1602ರಲ್ಲಿ. ಭಕ್ತರು ಬಿಟ್ಟುಹೋದರು, ಅದಕ್ಕೇ ಬಿತ್ತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. 1834-35ರಲ್ಲಿ ಲಿಸ್ಬನ್ ಸರ್ಕಾರವೇ ಸನ್ಯಾಸಿ ಸಂಘಗಳನ್ನು ಮುಚ್ಚಿಸಿ, ಮಠಗಳಿಂದ ಸನ್ಯಾಸಿಗಳನ್ನು ಹೊರಗೆ ಹಾಕಿತು. ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಚಾವಣಿ ಕುಸಿಯಿತು. 1931ರಲ್ಲಿ ಮುಂಭಾಗ ಮತ್ತು ಅರ್ಧ ಗೋಪುರ ಬಿತ್ತು. ಇದನ್ನು ನೋಡಿದವರು ಹತ್ತಿರದಲ್ಲೇ ಇರುವ ಬಾಮ್ ಜೀಸಸ್ ಬೆಸಿಲಿಕಾದ ಜನಸಂದಣಿಯನ್ನೂ ನೋಡಬೇಕು. ಸಂತ ಫ್ರಾನ್ಸಿಸ್ ಝೇವಿಯರರ ದೇಹ ಅಲ್ಲಿದೆ. ಹತ್ತು ವರ್ಷಕ್ಕೊಮ್ಮೆ ಅದನ್ನು ಸಾರ್ವಜನಿಕ ದರ್ಶನಕ್ಕೆ ಇಡುತ್ತಾರೆ. ಕೊನೆಯ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇಟ್ಟಿದ್ದರು. ನಾನು ಹೋದ ದಿನ ಸಾಲಿನಲ್ಲಿ ನನ್ನ ಮುಂದೆ ಬೆಳಗಾವಿಯ ಹಿಂದೂ ದಂಪತಿ ಮೇಣದಬತ್ತಿ ಹಿಡಿದು ನಿಂತಿದ್ದರು.

ಯುರೋಪಿನ ಕಥೆಯೇ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾವು ಕ್ರಿಶ್ಚಿಯನ್ ಅಂದವರು 2011ರಲ್ಲಿ ಶೇಕಡಾ 59.3 ಇದ್ದರು, 2021ರಲ್ಲಿ 46.2ಕ್ಕೆ ಬಂದರು. ಯಾವ ಧರ್ಮವೂ ಇಲ್ಲ ಅಂದವರು 25.2ರಿಂದ 37.2ಕ್ಕೆ ಏರಿದರು. ಅಲ್ಲಿನ ಫಾರಂನಲ್ಲಿ 'ಧರ್ಮವಿಲ್ಲ' ಅನ್ನುವ ಚೌಕವೇ ಎಲ್ಲಕ್ಕಿಂತ ಮೇಲಿದೆ. ಜರ್ಮನಿಯಲ್ಲಿ ಚರ್ಚಿನ ಸದಸ್ಯರ ಆದಾಯ ತೆರಿಗೆಯ ಮೇಲೆ ಚರ್ಚ್ ತೆರಿಗೆಯೂ ಬೀಳುತ್ತದೆ. ಬೇಡ ಅನ್ನುವವರು ಸರ್ಕಾರಿ ಕಚೇರಿಗೆ ಹೋಗಿ ಸಹಿ ಹಾಕಿ ಹೊರಬರುತ್ತಾರೆ. 2022ರಲ್ಲಿ ಕ್ಯಾಥೊಲಿಕ್ ಚರ್ಚೊಂದರಿಂದಲೇ ಐದು ಲಕ್ಷಕ್ಕೂ ಹೆಚ್ಚು ಜನ ಹಾಗೆ ಬಂದರು. ನಮ್ಮಲ್ಲಿ 2011ರಲ್ಲಿ ಧರ್ಮ ಹೇಳದವರು ಇಡೀ ದೇಶದಲ್ಲಿ ಶೇಕಡಾ 0.24 ಅಷ್ಟೇ. ಗಣತಿಗೆ ಹೋದಾಗ ಮನೆಯ ಯಜಮಾನರು ಏನು ಹೇಳುತ್ತಾರೋ ಅದನ್ನೇ ಬರೆದುಕೊಳ್ಳಬೇಕು. ಭಾನುವಾರ ಪೂಜೆಗೆ ಹೋಗುತ್ತೀರಾ, ದೇವರನ್ನು ನಂಬುತ್ತೀರಾ ಅಂತ ಯಾರೂ ಕೇಳುವುದಿಲ್ಲ. ಆ ಕಾಲಂ ಹೇಳುವುದು ಹುಟ್ಟಿದ ಮನೆಯನ್ನು. ಮನಸ್ಸಿನ ಭಕ್ತಿ ಅದರಲ್ಲಿ ಕಾಣುವುದಿಲ್ಲ.

ಇಲ್ಲಿ ನೀವು ಕೇಳದ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಧರ್ಮ ಬಿಡದೇ ಇದ್ದರೂ ಅದನ್ನು ನಡೆಸಿಕೊಂಡು ಹೋಗುವವರು ಯಾರು? ನಾನು ಬಂದ ಹೊಸದರಲ್ಲಿ ಸಂಜೆ ಗಂಟೆ ಹೊಡೆದರೆ ನಮ್ಮ ಬೀದಿಯ ಮನೆಮನೆಯಿಂದ ಜಪಸರದ ಪ್ರಾರ್ಥನೆ ಕೇಳುತ್ತಿತ್ತು. ಈಗ ಆ ಹೊತ್ತಿಗೆ ಟಿವಿ ಕೇಳುತ್ತದೆ. ಹುಡುಗರು ಊರ ಫೆಸ್ಟಿಗೆ ರಜೆ ಹಾಕಿ ಬರುತ್ತಾರೆ, ಪ್ರತಿ ಭಾನುವಾರ ಚರ್ಚಿಗೆ ಬರುವವರು ಕಡಿಮೆ. ನಮ್ಮ ಮನೆಗಳಲ್ಲೂ ಹೀಗೇ ಆಗಿದೆ. ಊರ ಜಾತ್ರೆಗೆ ತಪ್ಪದೆ ಹೋಗುವ ನನ್ನ ಮಗ ದಿನದ ಲಿಂಗಪೂಜೆಗೆ ಕೂರುವುದಿಲ್ಲ.

ಆಂಟಿಯ ಅಂಗಳದಲ್ಲಿ ಒಂದು ಬಿಳಿ ಶಿಲುಬೆ ಇದೆ. ಪ್ರತಿ ಮೇ ತಿಂಗಳಲ್ಲಿ ಅದರ ಮುಂದೆ ಲದಿನ್, ಅಂದರೆ ಪ್ರಾರ್ಥನೆಯ ಹಾಡು, ಹಾಡಿಸುತ್ತಾರೆ. ಮುಂಚೆ ಅಂಗಳದಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಹೋದ ವರ್ಷ ಪಿಟೀಲಿನವರು, ಇಬ್ಬರು ನೆರೆಯವರು, ಕುರ್ಚಿಯಲ್ಲಿ ಆಂಟಿ, ಅವರ ಮಡಿಲಲ್ಲಿ ವಿಡಿಯೊ ಕಾಲ್ ಹಚ್ಚಿಟ್ಟ ಮೊಬೈಲು. ಸ್ವಿಂಡನ್ನಿನ ಮಗಳು ಅದರಲ್ಲೇ ಕೈಮುಗಿದಿದ್ದಳು. ಹಾಡುವವರ ಪ್ರತಿ ಸಾಲಿಗೂ 'ಓರಾ ಪ್ರೊ ನೋಬಿಸ್' ಅಂತ ಎಲ್ಲರೂ ಉತ್ತರ ಕೊಡಬೇಕು. ಅಂದರೆ, ನಮಗಾಗಿ ಪ್ರಾರ್ಥಿಸಿ ಅಂತ. ಹಿತ್ತಲಿನ ರೂಮುಗಳ ಮಕ್ಕಳಿಗೆ ಕೇಳಿ ಕೇಳಿ ಅದು ಬಾಯಿಗೆ ಬಂದಿದೆ. ಮೆಟ್ಟಿಲ ಮೇಲೆ ಸಾಲಾಗಿ ಕೂತು ಗಟ್ಟಿಯಾಗಿ ಹೇಳಿದರು. ಮುಗಿದ ಮೇಲೆ ಪದ್ಧತಿಯಂತೆ ಬೇಯಿಸಿದ ಕಡಲೆ ಹಂಚಿದರು. ಅದನ್ನು ಬೇಯಿಸಿದ್ದು ಮೂರನೇ ರೂಮಿನ ಬಾಗಲಕೋಟೆಯಾಕೆ. ಆಂಟಿ ಮರೆತಾರು ಅಂತ ಹಿಂದಿನ ರಾತ್ರಿಯೇ ನೆನೆಹಾಕಿದ್ದಳಂತೆ.